ಭದ್ರಾವತಿ ಸೇತುವೆಯ ಬಿಲ್ವಪತ್ರೆ

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಭದ್ರಾವತಿಯ ಹಳೆ ಸೇತುವೆಯ ಈಚೆ ತುದಿಯಲ್ಲಿ, ಸೆಲ್ವಿಯ ಇಡ್ಲಿ ಗಾಡಿಗೂ ಬಾಬುಸಾಬರ ಹೂವಿನ ಗಾಡಿಗೂ ನಡುವೆ ನಿಂತಿದ್ದೆ. ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಪಕ್ಕದಲ್ಲಿ ತೇಜಸ್, ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ. ಹುಟ್ಟಿ ಬೆಳೆದದ್ದು ಅಲ್ಲೇ ಆದರೂ ಮನೆಯಲ್ಲಿ ಕಲಿತ ಕನ್ನಡ ಚೆನ್ನಾಗಿತ್ತು. ಅವನನ್ನು ನನ್ನ ಅಕ್ಕ ಗಿರಿಜಳ ಮನೆಗೆ ಕರೆದೊಯ್ಯುತ್ತಿದ್ದೆ.

ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು ದಾರಿ. ಖಾಸಗಿ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಮುಂದಿನ ಸೀಟಿನವರು ಯಾವ ಧರ್ಮದವರು ಎಂದು ಅವನು ಎರಡು ಸಲ ಕೇಳಿದ. ನಿನಗ್ಯಾಕೆ ಎಂದೆ.

"ಸ್ಕೂಲಲ್ಲಿ ನನ್ನ ಹೆಸರನ್ನೇ ಯಾರೂ ಸರಿಯಾಗಿ ಕರೀತಿರಲಿಲ್ಲ ಮಾಮ. ಫೋನ್ ಗ್ರೂಪಲ್ಲಿ ಒಬ್ರು ಅಣ್ಣ ದಿನಾ 'ಊಟ ಆಯ್ತಾ' ಅಂತ ಕೇಳ್ತಿದ್ರು. ಧರ್ಮ ಏನು, ಶತ್ರು ಯಾರು, ಎಲ್ಲಾ ಅವರೇ ಹೇಳಿಕೊಟ್ಟಿದ್ದು."

"ಅವರ ಮುಖ ನೋಡಿದ್ದೀಯಾ?"

"ಇಲ್ಲ."

ಪೂಜೆಗೆ ಪತ್ರೆ ತನ್ನಿ ಎಂದು ಅಕ್ಕ ಹೇಳಿದ್ದಳು. ಗಿರಿಜಕ್ಕನ ಮನೆಗೆ, ಇವನು ತಂಗಿಯ ಮಗ ಎಂದೆ; ಬಾಬುಸಾಬರು ಬಾಳೆಲೆಯಲ್ಲಿ ಕಟ್ಟಿಕೊಟ್ಟರು. ಅವರ ಹೆಸರೇನೆಂದು ತೇಜಸ್ ಕೇಳಿದ. ಹೇಳಿದ್ದೇ ತಡ, ಪೊಟ್ಟಣವನ್ನು ನೆಲಕ್ಕೆ ಎಸೆದು ಅವರ ವಿಡಿಯೊ ತೆಗೆದ.

"ಗ್ರೂಪಿಗೆ ಹಾಕ್ತೀನಿ. ಈ ಊರಿನವರೂ ಇದ್ದಾರೆ ಅದರಲ್ಲಿ. ಬಂದು ನೋಡ್ಕೋತಾರೆ."

ಅವನ ಹೆಬ್ಬೆರಳು ಫೋನಿನ ಮೇಲಿತ್ತು. ಅದು ಒತ್ತಿದರೆ ಸಂಜೆಗೆ ಆ ಗಾಡಿ ಉಳಿಯುತ್ತಿರಲಿಲ್ಲ, ಬಹುಶಃ ಗಾಡಿಯವರೂ.

ಬಾಬುಸಾಬರು ದನಿ ಏರಿಸಲಿಲ್ಲ. "ಹಾಕು ಮಾರಾಯ. ಪತ್ರೆ ಏನಾಯ್ತು ಅಂತ ನಿಮ್ಮ ದೊಡ್ಡಮ್ಮಂಗೆ ಮಾತ್ರ ನೀನೇ ಹೇಳು. ಅವರ ಹತ್ರ ಬೈಸಿಕೊಳ್ಳೋ ತಾಕತ್ತು ನಂಗಿಲ್ಲ."

ನಮ್ಮನ್ನು ಎದುರುಗೊಳ್ಳಲು ಬಂದಿದ್ದ ಅಕ್ಕ ಅಷ್ಟರಲ್ಲಿ ಬಗ್ಗಿ ಎಲೆಗಳನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

"ಅವರು ಮುಟ್ಟಿದ್ದು ಅದು, ದೊಡ್ಡಮ್ಮ."

"ಮೊದಲಿಂದ ಅವರೇ ಮುಟ್ಟಿ ಕೊಡ್ತಿರೋದು. ಬಿಲ್ವಕ್ಕೆ ಮೈಲಿಗೆ ಇಲ್ಲ ಕಣೋ. ನಿನ್ನೆ ಏರಿಸಿದ್ದನ್ನೇ ತೊಳೆದು ಇವತ್ತು ಏರಿಸಬಹುದು. ಧರ್ಮ ಕಲಿಸಿದವರು ಇದನ್ನ ಕಲಿಸಲಿಲ್ವಾ?" ಮೇಲೆದ್ದು ಅವನ ಮುಖ ನೋಡಿದಳು. "ತಿಂಡಿ ಆಯ್ತಾ?"

ಅವನು ಫೋನನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಆಮೇಲೆ "ಇಲ್ಲ" ಎಂದು ಫೋನನ್ನು ಜೇಬಿಗಿಟ್ಟ. ಸೆಲ್ವಿ ಅವನ ಕೈಗೆ ತಟ್ಟೆ ಕೊಟ್ಟಳು. "ತಿನ್ನು ತಂಬಿ. ಹೊಟ್ಟೆ ಖಾಲಿ ಇದ್ರೆ ಕೋಪ ಜಾಸ್ತಿ."

ಅಕ್ಕನ ಮನೆಯಲ್ಲಿ ಪತ್ರೆಗಳನ್ನು ಅವನೇ ತೊಳೆದ. ಪೂರ್ತಿ ಬದಲಾದ ಎಂದು ಬರೆಯಲಾರೆ. ಮರಳುವ ಬಸ್ಸಿನಲ್ಲಿ ಫೋನು ತೋರಿಸಿದ. ನಡೆದದ್ದನ್ನೆಲ್ಲ, ವಿಡಿಯೊ ತೆಗೆದದ್ದನ್ನೂ ಬರೆದು, ಬಿಲ್ವವನ್ನು ತೊಳೆದು ಮತ್ತೆ ಏರಿಸಬಹುದೇ ಎಂದು ಗ್ರೂಪಿನ ಆ ಅಣ್ಣನನ್ನು ಕೇಳಿದ್ದ. ಉತ್ತರ ಒಂದೇ ಸಾಲು: ವಿಡಿಯೊ ಎಲ್ಲಿ?

"ಇವತ್ತು ಊಟದ ವಿಷಯ ಕೇಳಲೇ ಇಲ್ಲ ಮಾಮ" ಎಂದ ತೇಜಸ್. ವಿಡಿಯೊವನ್ನು ನನ್ನ ಎದುರಿಗೇ ಅಳಿಸಿದ.

ಅಂದು ಸೇತುವೆಯ ಬಳಿ ನಡೆದದ್ದನ್ನು ಕಣ್ಣಾರೆ ಕಂಡವರು ನಮ್ಮಿಬ್ಬರ ಜೊತೆಗೆ ಗಿರಿಜಕ್ಕ, ಸೆಲ್ವಿ, ಬಾಬುಸಾಬರು. ದೇವರ ದಯೆ, ಮೂವರೂ ಇದ್ದಾರೆ. ಬಾಬುಸಾಬರು ಈಗಲೂ ಸೋಮವಾರ ಪತ್ರೆ ಕಟ್ಟುತ್ತಾರೆ.