ಮೂಗಿಲ್ಲದೆ ಮಾಡಿದ ಮಸಾಲೆ ಖಾರ

ನಮ್ಮ ಬ್ಯಾಡಗಿಯಲ್ಲಿ ಕೆಮ್ಮು, ಸೀನು ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲ. ಪೇಟೆಗೆ ಮೆಣಸಿನಕಾಯಿ ಚೀಲಗಳು ಬರತೊಡಗಿದ ದಿನದಿಂದ ಬೇಸಿಗೆ ಮುಗಿಯುವ ತನಕ ಊರಿಗೆ ಊರೇ ಸೀನುತ್ತಿರುತ್ತದೆ. ಬಸ್ಸಿನಿಂದ ಇಳಿದ ಹೊಸಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡರೆ ನಾವು ಒಳಗೊಳಗೇ ನಗುತ್ತೇವೆ. ಹಾಗಾಗಿ ದೇಶವೇ ಒಂದು ಕೆಮ್ಮಿಗೆ ಬೆಚ್ಚಿಬೀಳುತ್ತಿದ್ದ ಕೊರೊನಾದ ಎರಡನೇ ಅಲೆಯಲ್ಲೂ, ನನ್ನ ಗಂಡ ನಾಲ್ಕು ದಿನ ಕೆಮ್ಮಿದಾಗ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಯಂತ್ರದ ಧೂಳು ಝಾಡಿಸಿದ್ದಕ್ಕೆ ಬೈದೆನೇ ಹೊರತು ಬೇರೇನೂ ಯೋಚಿಸಲಿಲ್ಲ. ಐದನೇ ದಿನ ನನಗೂ ಕೆಮ್ಮು ಬಂತು. ಅದನ್ನೂ ಮೆಣಸಿನಕಾಯಿಯ ತಲೆಗೇ ಕಟ್ಟಿದೆ. ಇಬ್ಬರಿಗೂ ಜ್ವರ ಏರಿ ಹಾಸಿಗೆ ಹಿಡಿದಾಗಲೇ ಗೊತ್ತಾಗಿದ್ದು, ಇದು ನಮ್ಮೂರಿನ ಕೆಮ್ಮಲ್ಲ ಎಂದು. ಲಾಕ್‌ಡೌನ್ ಇದ್ದುದರಿಂದ ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ. ನಮ್ಮ ಪೆದ್ದುತನದ ಫಲ ನಮ್ಮಿಬ್ಬರಲ್ಲೇ ಉಳಿಯಿತು. ಅದಕ್ಕೆ ಇವತ್ತಿಗೂ ದೇವರಿಗೆ ಕೈಮುಗಿಯುತ್ತೇನೆ.

ನಮ್ಮದು ಖಾರ ಕುಟ್ಟುವ ಗಿರಣಿ. ಯಂತ್ರ ಗಂಡನದು, ಒಲೆ ನನ್ನದು. ಬೇಸಿಗೆ ಬಂತೆಂದರೆ ಹಾವೇರಿ, ರಾಣೆಬೆನ್ನೂರಿನ ಕಡೆಯಿಂದಲೂ ಹೆಂಗಸರು ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಸಲು ಬರುತ್ತಾರೆ. ತೊಟ್ಟು ಬಿಡಿಸಿ ಒಣಗಿಸಿದ ಮೆಣಸಿನಕಾಯಿ, ಒಣಕೊಬ್ಬರಿ, ಬೆಳ್ಳುಳ್ಳಿ ಅವರು ತರುತ್ತಾರೆ. ಜೀರಿಗೆ, ಮೆಂತ್ಯ, ಲವಂಗ, ಕಲ್ಲುಹೂವು, ಹವೀಜ ನನ್ನ ಡಬ್ಬಿಗಳಲ್ಲಿರುತ್ತವೆ. ಹವೀಜ ಅಂದರೆ ಕೊತ್ತಂಬರಿ ಬೀಜ ಎಂದು ಮೈಸೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಎಲ್ಲರಿಗೂ ಇವೇ ಸಾಮಾನು, ಆದರೂ ಒಂದು ಮನೆಯ ಖಾರ ಇನ್ನೊಂದು ಮನೆಯದರ ಹಾಗಿರುವುದಿಲ್ಲ. ಯಾವ ಮನೆಗೆ ಯಾವುದು ಹೆಚ್ಚು, ಯಾವುದು ಕಡಿಮೆ, ಯಾವುದನ್ನು ಎಷ್ಟು ಹುರಿಯಬೇಕು ಎಂಬುದನ್ನು ನಾನು ಎಂದೂ ಬರೆದಿಟ್ಟವಳಲ್ಲ. ಎಲ್ಲ ನನ್ನ ಮೂಗಿನಲ್ಲೇ ಇದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಜಂಬ ಇತ್ತು, ಇಲ್ಲವೆನ್ನುವುದಿಲ್ಲ. ಘಾಟು ಕಣ್ಣಿಗೆ ಹೊಡೆಯುತ್ತದೆಂದು ಬಾಣಲೆಯ ಕಡೆ ಮುಖ ಕೂಡ ಮಾಡುತ್ತಿರಲಿಲ್ಲ. ಕತ್ತನ್ನು ಬಾಗಿಲ ಕಡೆ ತಿರುಗಿಸಿ, ಬಂದವರ ಜೊತೆ ಹರಟೆ ಹೊಡೆಯುತ್ತಲೋ ಜಗಳವಾಡುತ್ತಲೋ ಕೈಯಾಡಿಸುತ್ತಿದ್ದೆ. ವಾಸನೆ ಬದಲಾದ ಕೂಡಲೇ ಬಾಣಲೆ ಇಳಿಸುತ್ತಿದ್ದೆ.

ಜ್ವರ ಬಿಟ್ಟು ಮೈಗೆ ಸ್ವಲ್ಪ ಕಸುವು ಬಂದ ಮೇಲೆ ಮತ್ತೆ ಒಲೆ ಹಚ್ಚಿದೆ. ಮೆಣಸಿನಕಾಯಿ ಬಾಣಲೆಗೆ ಬಿದ್ದದ್ದೇ ಘಾಟು ಎದ್ದು ಕಣ್ಣಲ್ಲಿ ನೀರು ಬಂತು, ಗಂಟಲು ಕೆರೆಯಿತು. ಸದ್ಯ, ನನ್ನ ಮೂಗು ನೆಟ್ಟಗಿದೆ ಎಂದುಕೊಂಡೆ. ಆಮೇಲೆ ಮೆಂತ್ಯ ಹಾಕಿ ಎಂದಿನಂತೆ ಕತ್ತು ತಿರುಗಿಸಿ, ಬಂದವರೊಡನೆ ಮಾತಿಗೆ ನಿಂತೆ. ಸ್ವಲ್ಪ ಹೊತ್ತಿಗೆ ಗಂಡ ಯಂತ್ರ ಬಂದ್ ಮಾಡಿ ಓಡಿ ಬಂದ. ಏನು ಸುಡುತ್ತಿದೆ ಎಂದು ಕೇಳಿದ. ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ರೇಗಿದೆ. ಆತ ನನ್ನ ಗದ್ದ ಹಿಡಿದು ಮುಖವನ್ನು ಬಾಣಲೆಯ ಕಡೆ ತಿರುಗಿಸಿದ. ಮೆಂತ್ಯ ಇದ್ದಿಲಾಗಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ. ಘಾಟು ಬೇರೆ, ವಾಸನೆ ಬೇರೆ ಎಂಬ ಸಣ್ಣ ಸಂಗತಿ ಮೂವತ್ತು ವರ್ಷ ಒಲೆ ಮುಂದೆ ನಿಂತವಳಿಗೆ ಆವತ್ತು ತಿಳಿಯಿತು. ಘಾಟು ಉಳಿದಿತ್ತು, ವಾಸನೆ ಹೋಗಿತ್ತು.

ಮುಂದೆ ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಒಲೆ ಕೆಟ್ಟಿದೆ, ಈ ವರ್ಷ ಬರೀ ಕುಟ್ಟಿಕೊಡುತ್ತೇವೆ, ಹುರಿದುಕೊಂಡು ಬನ್ನಿ ಎಂದು ಎಲ್ಲರಿಗೂ ಸುಳ್ಳು ಹೇಳಿದೆ. ವೈದ್ಯರು ಕೆಲವರಿಗೆ ತಿಂಗಳುಗಟ್ಟಲೆ ಹೀಗಾಗುತ್ತದೆ, ಲವಂಗ, ನಿಂಬೆ ಮೂಸುತ್ತ ಇರಿ ಎಂದಿದ್ದರು. ದಿನಾ ಬೆಳಿಗ್ಗೆ ಲವಂಗದ ಡಬ್ಬಿಗೆ ಮೂಗಿಟ್ಟು ಕೂರುತ್ತಿದ್ದೆ. ಮೊಳೆಯ ಡಬ್ಬಿ ಮೂಸಿದ್ದರೂ ಅಷ್ಟೇ ಆಗುತ್ತಿತ್ತು. ಊರಲ್ಲಿ ಎಷ್ಟೋ ಮನೆಗಳಲ್ಲಿ ಜನರನ್ನೇ ಕಳೆದುಕೊಂಡಿದ್ದರು. ಅವರ ಮುಂದೆ ಮೂಗಿನ ಕಥೆ ಹೇಳಿಕೊಂಡು ಅಳುವುದು ಹೇಗೆ? ನಾಚಿಕೆಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು. ನಾನು ಬೇರೆ ಯಾವ ವಿದ್ಯೆ ಕಲಿತವಳೂ ಅಲ್ಲ.

ಮರುವರ್ಷದ ಬೇಸಿಗೆ. ಬೆಳಗಿನ ಬಸ್ಸಿಗೆ ರಾಣೆಬೆನ್ನೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸಿನವಳು, ಬೀಜದ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುವವಳು. ಅವಳ ಗುರುತು ನನಗಿರಲಿಲ್ಲ, ಅವಳ ಅತ್ತೆಯ ಗುರುತು ಚೆನ್ನಾಗಿತ್ತು. ಆ ಅತ್ತೆ ಪ್ರತಿ ವರ್ಷ ಬರುತ್ತಿದ್ದ ಗಿರಾಕಿ. ಎಲ್ಲರೂ ಹೊರಗಿನ ಕಟ್ಟೆಯ ಮೇಲೆ ಕೂತರೆ ಆಕೆ ಮಾತ್ರ ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಒಲೆಯ ಪಕ್ಕದಲ್ಲೇ ನಿಂತು ನನ್ನನ್ನು ಬೈಯುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ವರ್ಷಕ್ಕೊಮ್ಮೆಯ ಆ ಜಗಳಕ್ಕೆ ನಾನು ಕಾಯುತ್ತಿದ್ದೆ ಅಂದರೂ ಸರಿಯೇ. ಎರಡನೇ ಅಲೆ ಆಕೆಯನ್ನು ಒಯ್ದಿತ್ತು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಬಂದು ಆ ವರ್ಷದ ಖಾರ ಮಾಡಿಸಿಕೊಂಡು ಹೋಗಿದ್ದರು.

ಸೊಸೆ ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದಳು. ಅದರ ತಳದಲ್ಲಿ ಒಂದು ಚಮಚೆಯಷ್ಟು ಖಾರ ಉಳಿದಿತ್ತು. ವರ್ಷವಿಡೀ ಹಿಡಿದು ಹಿಡಿದು ಬಳಸಿದ್ದೇವೆ, ಇಷ್ಟೇ ಉಳಿದಿದೆ, ಹೀಗೇ ಮಾಡಿಕೊಡಿ ಎಂದು ಮುಚ್ಚಳ ತೆರೆದು ನನ್ನ ಮೂಗಿನ ಹತ್ತಿರ ಹಿಡಿದಳು. ನಾನು ದೀರ್ಘವಾಗಿ ಉಸಿರೆಳೆದುಕೊಂಡು, ಎಲ್ಲ ತಿಳಿದವಳಂತೆ ತಲೆಯಾಡಿಸಿದೆ. ಯಾವುದೋ ಒಂದು ಅಂದಾಜಿನಲ್ಲಿ ಮಾಡಿ ಕಳಿಸಿಬಿಡಬಹುದಿತ್ತು. ಆದರೆ ಅವಳು ಆ ಚಮಚೆ ಖಾರವನ್ನು ಮತ್ತೆ ಮುಚ್ಚಿ ಸೆರಗಿನಿಂದ ಡಬ್ಬಿ ಒರೆಸಿದ ರೀತಿ ನೋಡಿದ ಮೇಲೆ ಅದು ನನ್ನಿಂದ ಆಗಲಿಲ್ಲ. ವರ್ಷದಿಂದ ಯಾರಿಗೂ ಹೇಳದ್ದು ಬಾಯಿಗೆ ಬಂತು.

"ತಂಗಿ, ನನಗ ವಾಸನಿ ತಿಳಿಯೂದಿಲ್ಲ. ಬ್ಯಾನಿ ಬಂದು ಹೋದಾಗಿಂದ ಮೂಗು ಸತ್ತೈತಿ. ನಿಮ್ಮತ್ತಿ ಖಾರ ನಾ ಹೆಂಗ ಮಾಡ್ತಿದ್ನೋ ನನಗs ಗೊತ್ತಿಲ್ಲ."

ಅವಳು ಮೆಣಸಿನಕಾಯಿ ಚೀಲದ ಮೇಲೆ ಹಾಗೆಯೇ ಕುಸಿದು ಕೂತಳು. ಅತ್ತೆಯೂ ತಾನೂ ಒಬ್ಬರಿಗೊಬ್ಬರು ಸೋಲದ ಪೈಕಿ ಎಂದಳು. ಖಾರಕ್ಕೆ ಏನೇನು ಹಾಕಿಸುತ್ತಾರೆಂದು ಕೇಳಿದರೆ ಅತ್ತೆ ಗೆದ್ದಂತಾಗುತ್ತದೆಂದು ಇವಳು ಕೇಳಲಿಲ್ಲ. ಕೇಳದವಳಿಗೆ ತಾನಾಗಿ ಯಾಕೆ ಹೇಳಲಿ ಎಂದು ಅತ್ತೆ ಹೇಳಲಿಲ್ಲ. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

"ಎಂಟು ವರ್ಷ ಒಂದs ಒಲಿ ಮುಂದ ನಿಂತೇವ್ರಿ ಅಕ್ಕಾರ. ಒಮ್ಮಿನೂ ಕೇಳಲಿಲ್ಲ ನಾನು. ಹಂಗಾದ್ರ ಅತ್ತಿ ಖಾರ ಇಲ್ಲಿಗೆ ಮುಗೀತೇನ್ರಿ?"

ಆ ಒಂದು ವರ್ಷದಲ್ಲಿ ನಾನು ಅಷ್ಟು ಸೋತಂತೆ ಯಾವತ್ತೂ ಅನಿಸಿರಲಿಲ್ಲ. ಒಂದು ಮನೆಯ ಖಾರ ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಹೋಗಿದ್ದರು, ಇನ್ನೊಬ್ಬಳು ಮರೆತು ನಿಂತಿದ್ದಳು.

ಆಗ ಯಂತ್ರದ ಹಿಂದಿನಿಂದ ನನ್ನ ಗಂಡನ ಧ್ವನಿ ಬಂತು. "ನನ್ನ ಮೂಗು ಐತೆಲ್ಲ" ಎಂದ.

ಈ ಮನುಷ್ಯನ ಮೂಗಿನ ಬಗ್ಗೆ ನನಗೆ ಯಾವ ಗೌರವವೂ ಇರಲಿಲ್ಲ. ನಿನ್ನೆಯ ಸಾರಿಗೂ ಇವತ್ತಿನದಕ್ಕೂ ವ್ಯತ್ಯಾಸ ತಿಳಿಯದವನು. ಆದರೂ ಮೆಂತ್ಯ ಸುಟ್ಟಾಗ ಓಡಿ ಬಂದವನು ಅವನೇ ಅಲ್ಲವೇ? ಸರಿ, ನೋಡೇಬಿಡೋಣ ಎಂದು ಒಂದು ಪಾವಿನಷ್ಟು ಮಾತ್ರ ಹುರಿಯಲು ಕೂತೆವು. ಹವೀಜದ ವಾಸನೆ ಹೇಗೆ ಬರುತ್ತಿದೆ ಎಂದು ಕೇಳಿದರೆ ಛಲೋ ಬರುತ್ತಿದೆ ಎನ್ನುತ್ತಿದ್ದ. ಎಂಥಾ ಛಲೋ ಎಂದರೆ, ಛಲೋ ಅಂದರೆ ಛಲೋ ಎನ್ನುತ್ತಿದ್ದ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು. ಕೊನೆಗೆ ಅವನೇ ದಾರಿ ಕಂಡುಕೊಂಡ. ಹಸಿ ವಾಸನೆ ಹೋಯಿತು, ಈಗ ಮದುವೆಮನೆಯ ಹಾಗೆ ಬಂತು, ಈಗ ಸ್ವಲ್ಪ ಹೆಚ್ಚಾಯಿತು ಎಂದು ಹೇಳತೊಡಗಿದ. ಮದುವೆಮನೆ ಎಂದ ಕೂಡಲೇ ನಾನು ಇಳಿಸುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಬಾಣಲೆಯೊಳಗೆ ಕಣ್ಣಿಟ್ಟು ನೋಡಿದೆ. ಜೀರಿಗೆಯ ಬಣ್ಣ ಎಲ್ಲಿ ತಿರುಗುತ್ತದೆ, ಹವೀಜದ ಸಪ್ಪಳ ಯಾವಾಗ ಹಗುರಾಗುತ್ತದೆ ಎಂಬುದು ಐವತ್ತು ದಾಟಿದ ಮೇಲೆ ಕಲಿತ ಪಾಠ.

ಮೊದಲ ಖಾರವನ್ನು ಸೊಸೆ ನಾಲಿಗೆಗಿಟ್ಟುಕೊಂಡು ತಲೆ ಅಲ್ಲಾಡಿಸಿದಳು. ಎರಡನೆಯದೂ ಆಗಲಿಲ್ಲ. ಹುರಿದದ್ದು ಹದವಾಗಿದೆ, ಆದರೆ ಯಾರ ಮನೆಯದೋ ಖಾರ ಎಂದಳು. ಹದ ನನ್ನ ಗಂಡನ ಮೂಗಿಗೆ ಸಿಕ್ಕಿತ್ತು, ಅಳತೆ ಸಿಕ್ಕಿರಲಿಲ್ಲ. ಯೋಚಿಸಿದಷ್ಟೂ ನನ್ನ ಕೈ ಡಬ್ಬಿಗಳ ಮೇಲೆ ತಡವರಿಸುತ್ತಿತ್ತು. ಮಧ್ಯಾಹ್ನವಾಗುತ್ತ ಬಂತು. ನನಗೆ ಸಿಟ್ಟು ನೆತ್ತಿಗೇರಿ, ಇದು ನನ್ನ ಕೈಲಾಗುವ ಕೆಲಸವಲ್ಲ, ಎತ್ತಿಡಿ ಎಲ್ಲ ಎಂದು ಸೌಟು ಬಿಸಾಕಿದೆ.

ಅದನ್ನು ನೋಡಿ ಆ ಹೆಣ್ಣುಮಗಳಿಗೆ ಏನಾಯಿತೋ. ಎದ್ದು ನಿಂತಳು. ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಒಲೆಯ ಪಕ್ಕಕ್ಕೆ ಬಂದಳು.

"ಏನs ಹಂಗ ಕಣ್ಣು ಪಿಳುಪಿಳು ಬಿಡ್ತೀ? ಹಾಕು ಹವೀಜ. ನಿಮ್ಮವ್ವ ನಿನಗ ಕೈ ಬಿಚ್ಚೂದು ಕಲಿಸಿಲ್ಲೇನು?"

ಅದೇ ದನಿ, ಅದೇ ಎಳೆತ. ಅತ್ತೆಯ ಖಾರ ಕಲಿಯದಿದ್ದರೂ ಅತ್ತೆಯ ಬೈಗುಳವನ್ನು ಎಂಟು ವರ್ಷ ಒಂದಕ್ಷರ ಬಿಡದೆ ಕಲಿತಿದ್ದಳು. ನನಗೂ ತಡೆಯಲಾಗಲಿಲ್ಲ. ನನ್ನ ಒಲೆ ಮುಂದೆ ನಿಂತು ನನಗೇ ಕಲಿಸಲು ಬರಬೇಡಿ ಅವ್ವಾರ ಎಂದು, ಎಂದಿನಂತೆ ಕತ್ತು ಬಾಗಿಲ ಕಡೆ ತಿರುಗಿಸಿ ಶುರು ಮಾಡಿದೆ. ಅವಳು ಮೆಂತ್ಯ ಕಹಿ ಮಾಡುತ್ತೀ ಎಂದು ಬೈದಳು, ನಾನು ನಿಮ್ಮ ಬಾಯಿಗಿಂತ ಕಹಿಯಾಗುವುದಿಲ್ಲ ಬಿಡಿ ಎಂದೆ. ಅವಳು ಕೊಬ್ಬರಿ ಕೆಂಪಾಯಿತು ಎಂದಳು, ನಾನು ನಿಮ್ಮ ಕಣ್ಣೇ ಕೆಂಪಾಗಿದೆ ಎಂದೆ. ಹೀಗೆ ಬೈದಾಡುತ್ತಿರುವಾಗ ನನ್ನ ಕೈ ನನ್ನನ್ನು ಕೇಳದೆ ಡಬ್ಬಿಯಿಂದ ಡಬ್ಬಿಗೆ ಹೋಗುತ್ತಿತ್ತು. ಹವೀಜ ನಾಲ್ಕು ಹಿಡಿ, ಜೀರಿಗೆ ಒಂದು, ಮೆಂತ್ಯ ಎರಡು ಚಿಟಿಕೆ. ಕಲ್ಲುಹೂವಿನ ಡಬ್ಬಿಗೆ ಒಮ್ಮೆ ಹೋಗಿ, ಸ್ವಲ್ಪ ತಡೆದು ಇನ್ನೊಮ್ಮೆ ಹೋಯಿತು. ಗಂಡ ಸದ್ದಿಲ್ಲದೆ, ಯಾವ ಡಬ್ಬಿಯಿಂದ ಎಷ್ಟು ಹೋಯಿತೆಂದು, ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆಯುತ್ತ, ನಡುನಡುವೆ ಮದುವೆಮನೆ, ಮದುವೆಮನೆ ಎಂದು ಕೂಗುತ್ತಿದ್ದ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಒಳಗೆ ಯಾರೋ ಹೊಡೆದಾಡುತ್ತಿದ್ದಾರೆಂದು ಇಣುಕಿ ನೋಡಿದರು.

ಇಷ್ಟು ವರ್ಷ ಎಲ್ಲವೂ ಮೂಗಿನಲ್ಲಿದೆ ಎಂದುಕೊಂಡಿದ್ದೆ. ಮೂಗು ಯಜಮಾನನ ಹಾಗೆ ಕುರ್ಚಿಯಲ್ಲಿ ಕೂತು ಹೆಸರು ಪಡೆದಿತ್ತು. ದುಡಿದದ್ದು ಕೈ.

ಯಂತ್ರ ನಿಂತಿತು. ಬಿಸಿ ಆರುವ ತನಕ ಕಾದೆವು. ಅವಳು ಬೆರಳ ತುದಿಯಲ್ಲಿ ಒಂದಿಷ್ಟು ಖಾರ ತೆಗೆದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಅವಳ ಮುಖವನ್ನೇ ನೋಡುತ್ತಿದ್ದೆ, ಪರೀಕ್ಷೆಯ ಫಲಿತಾಂಶದ ಹಲಗೆ ಮುಂದೆ ನಿಂತವರ ಹಾಗೆ.

"ಇದs ನೋಡ್ರಿ ಅಕ್ಕಾರ" ಎಂದಳು. "ಇದs ನಮ್ಮತ್ತಿದು."

ಅಷ್ಟು ಹೇಳಿ ಅತ್ತಳು. ಅತ್ತೆ ತೀರಿಕೊಂಡಾಗ ಮುಖ ನೋಡಲೂ ಬಿಟ್ಟಿರಲಿಲ್ಲ, ಆವತ್ತು ಬರದ ಅಳು ಇವತ್ತು ಬಂತು ಎಂದಳು. ನನಗೂ ಕಣ್ಣೀರು ತಡೆಯಲಾಗಲಿಲ್ಲ, ಘಾಟಿನ ಮೇಲೆ ಹಾಕಲೂ ಹೋಗಲಿಲ್ಲ. ಸಂತೋಷ ಅಂದರೆ ಸಂತೋಷ. ಆ ಖಾರದ ಒಂದು ಎಳೆ ವಾಸನೆಯೂ ನನಗೆ ತಿಳಿದಿರಲಿಲ್ಲ, ಆದರೂ ನನ್ನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಖಾರ ಮಾಡಿಲ್ಲವೆಂದು ಎದೆ ತಟ್ಟಿ ಹೇಳಬಲ್ಲೆ.

ಕೊರೊನಾ ನಿಮಗೇನು ಕಲಿಸಿತು ಎಂದು ಯಾರಾದರೂ ಕೇಳಿದರೆ ಜನ ಕೈ ತೊಳೆಯುವುದು, ದೂರ ನಿಲ್ಲುವುದು ಎನ್ನುತ್ತಾರೆ. ನಾನು ಕಲಿತದ್ದು ಎದುರಿಗಿರುವವರನ್ನು ಇರುವಾಗಲೇ ಕೇಳುವುದು. ಕೇಳದಿದ್ದರೂ ಗೊತ್ತಿದ್ದವರು ತಾವಾಗಿ ಹೇಳುವುದು. ಮತ್ತೆ, ಆಗದ್ದನ್ನು ಆಗದು ಎಂದು ಒಪ್ಪಿಕೊಳ್ಳುವುದು. ನಾನು ವರ್ಷವಿಡೀ ಒಲೆ ಕೆಟ್ಟಿದೆ ಎಂದು ಸುಳ್ಳು ಹೇಳಿದ್ದರಿಂದ ಒಬ್ಬರಿಗೂ ಉಪಕಾರವಾಗಲಿಲ್ಲ. ಮೂಗು ಸತ್ತಿದೆ ಎಂದು ಒಂದು ಮಾತು ಹೇಳಿದ್ದಕ್ಕೆ ಒಂದು ಮೂಗು, ಒಂದು ನಾಲಿಗೆ ಕೂಡಲೇ ನನ್ನ ಪಕ್ಕ ಬಂದು ನಿಂತವು.

ಉಳಿದ ಮೆಣಸಿನಕಾಯಿಯ ಚೀಲವನ್ನು ಅವಳು ಒಲೆಯ ಹತ್ತಿರ ತಂದಾಗ ನಾನು ಸೌಟು ಮುಟ್ಟಲಿಲ್ಲ. ಅದರ ಖಾರವನ್ನು ಅವಳೇ ಮಾಡಬೇಕೆಂದೆ. ಗೋಡೆಯ ಗೀಟುಗಳನ್ನು ನೋಡಿಕೊಂಡು ಅವಳು ತನ್ನ ಹಿಡಿಯಲ್ಲಿ ಅಳೆದಳು. ಅವಳ ಕೈ ನನ್ನದಕ್ಕಿಂತ ಚಿಕ್ಕದು, ಹಾಗಾಗಿ ಹವೀಜಕ್ಕೆ ಅರ್ಧ ಹಿಡಿ ಮೇಲೆ ಸೇರಿಸಿಕೊಂಡಳು. ನಾನು ಒಲೆಯ ಪಕ್ಕದಲ್ಲಿ ನಿಂತು, ಸೆರಗು ಮೂಗಿಗೆ ಹಿಡಿದು, ಸಾಕಷ್ಟು ಬೈದೆ. ಒಮ್ಮೆಯೂ ಎದುರಾಡದೆ, ಪ್ರತಿಯೊಂದನ್ನೂ ಕೇಳಿ ಕೇಳಿ ಮಾಡಿದಳು. ಕುಟ್ಟಿದ ಮೇಲೆ ಎರಡೂ ಖಾರವನ್ನು ಒಂದಾದ ಮೇಲೊಂದು ನಾಲಿಗೆಗಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು.

ಹೇಗಿದೆ ಎಂದು ಕೇಳಿದೆ.

"ಅತ್ತಿ ಕೇಳಿಸ್ಕೊಳ್ಳಾಕತ್ತಾರೇನೋ" ಎಂದು ಮೇಲೆ ನೋಡಿ, ದನಿ ತಗ್ಗಿಸಿ ಹೇಳಿದಳು, "ನಂದು ಒಂಚೂರು ಛಲೋ ಆಗೇತ್ರಿ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮುದುಕಿ ಇದ್ದಿದ್ದರೆ ಸೌಟು ತೆಗೆದುಕೊಂಡೇ ಬರುತ್ತಿದ್ದಳು. ಸಂಜೆಯ ಬಸ್ಸಿಗೆ ಹೊರಡುವಾಗ ಅವಳು ಎರಡು ಡಬ್ಬಿಗಳ ಮೇಲೂ ಗುರುತು ಹಾಕಿ, ತಾನು ಮಾಡಿದ್ದನ್ನೇ ಮೊದಲು ಚೀಲಕ್ಕೆ ಇಟ್ಟುಕೊಂಡಳು.