ದಕ್ಕೆ ಧ ಒತ್ತು

ನಮ್ಮಕ್ಕ ಬರೆಯದೇ ಬಿಟ್ಟದ್ದೆಂದರೆ ಜನರ ಹಣೆಬರಹ ಒಂದೇ. ಶಾಲೆಯ ವಾರ್ಷಿಕ ವರದಿ, ಮಿಕ್ಸಿ ಡಬ್ಬದೊಳಗಿನ ಸೂಚನೆ ಪುಸ್ತಕ, ನಿವೃತ್ತಿಯಾಗುವ ಮ್ಯಾನೇಜರಿಗೆ ಬೀಳ್ಕೊಡುಗೆ ಭಾಷಣ, ಯಾರು ಏನು ಕೇಳಿದರೂ ಮನೆಯಲ್ಲೇ ಕೂತು ಬರೆದುಕೊಡುತ್ತಿದ್ದಳು. ಸೋಂಕು ಬಂದು ಊರೇ ಬಾಗಿಲು ಹಾಕಿಕೊಂಡ ಮೇಲೆ ಶಾಲೆಯಿಲ್ಲ, ಬೀಳ್ಕೊಡುಗೆಯಿಲ್ಲ. ಉಳಿದದ್ದು ಪತ್ರಿಕೆಯ ಶ್ರದ್ಧಾಂಜಲಿ ಪುಟ. ಸತ್ತವರ ಮನೆಯವರು ಫೋನಿನಲ್ಲಿ ಹೇಳುತ್ತಿದ್ದರು, ಇವಳು ನಲವತ್ತು ಪದದಲ್ಲಿ ಬರೆದು ಪತ್ರಿಕೆಗೆ ಕಳಿಸುತ್ತಿದ್ದಳು.

ಊಟದ ಮೇಜಿನ ಆ ತುದಿ ಅವಳದು, ಈ ತುದಿಯಲ್ಲಿ ನನ್ನ ವಿಮಾ ಕಂಪನಿಯ ಕೆಲಸ. ನಡುವೆ ಒಂದು ಉಪ್ಪಿನ ಡಬ್ಬಿ ಮತ್ತು ನನ್ನ ತಾಳ್ಮೆ. ಡಬ್ಬಿ ಕೊನೆಯವರೆಗೂ ಉಳಿಯಿತು.

ತಾಳ್ಮೆ ಕೆಡಿಸಿದವರು ಕತ್ತರಿ ಸಾರ್. ಅಕ್ಕ ಹಿಂದೆ ಪ್ರೆಸ್ಸಿನಲ್ಲಿ ಕೆಲಸ ಕಲಿತದ್ದು ಅವರ ಕೈಕೆಳಗೆ. ಬರೆದದ್ದನ್ನೆಲ್ಲ ಕತ್ತರಿಸಿ ಹಾಕುತ್ತಿದ್ದುದರಿಂದ ಆ ಹೆಸರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ಪತ್ರಿಕೆ ಕೈಯಲ್ಲಿ ಹಿಡಿದು, ಫೋನ್ ಮಾಡುತ್ತಿದ್ದರು. ಪುಟದ ತುಂಬ, ಪ್ರತಿ ಫೋಟೋದ ಮೇಲೂ, ಅಚ್ಚಾಗುತ್ತಿದ್ದದ್ದು 'ಶ್ರದ್ದಾಂಜಲಿ'.

"ಏನಮ್ಮಾ, ಇವತ್ತೂ ದಕ್ಕೆ ದ ಒತ್ತೇ ಕೊಟ್ಟಿದ್ದಾರಲ್ಲ. ಧ ಒತ್ತು ಎಲ್ಲಿ? ಪಾಪ, ಪ್ರಾಣ ಅಂತೂ ಹೋಯ್ತು, ಮಹಾಪ್ರಾಣನಾದ್ರೂ ಉಳಿಸಬಾರದಾ?"

"ಸಾರ್, ತಲೆಬರಹ ನಂದಲ್ಲ, ಪತ್ರಿಕೆಯವರದ್ದು."

"ಕೆಳಗಿರೋದು ನಿಂದೇ ತಾನೆ? ತಲೆ ಕೆಟ್ಟಿರೋವಾಗ ಕಾಲಿಗೆ ಅಲಂಕಾರ ಮಾಡಿ ಏನು ಬಂತು?"

ಇಷ್ಟು ಹೇಳಿ ಇಟ್ಟುಬಿಡುವರು. ಅಪ್ಪಿತಪ್ಪಿಯೂ ಚೆನ್ನಾಗಿ ಬರೆದಿದ್ದೀಯ ಎಂದವರಲ್ಲ. ತಪ್ಪಿಲ್ಲದ ದಿನ ಅವರ ಫೋನೇ ಬರುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಅಂಥ ದಿನವನ್ನು ನಾನಂತೂ ಕಂಡಿರಲಿಲ್ಲ. ಫೋನ್ ಇಟ್ಟ ಮೇಲೆ ಒಂದು ಗಂಟೆ ಅವಳ ಸಿಟ್ಟೆಲ್ಲ ಪಾತ್ರೆಗಳ ಮೇಲೆ. ಈ ಮನುಷ್ಯನಿಗೆ ಬೇರೆ ಕೆಲಸ ಇಲ್ವಾ ಎಂದು ನಾನು ಬೈದರೆ, "ನೀನ್ಯಾಕೆ ಬೈತೀಯ" ಎಂದು ನನ್ನ ಮೇಲೇ ಹಾರಿಬೀಳುವಳು.

ಒಂದು ಸೋಮವಾರ ಎಂಟಕ್ಕೆ ಫೋನ್ ಬರಲಿಲ್ಲ. ಅಕ್ಕನೇ ಮಾಡಿದಳು, ಯಾರೂ ಎತ್ತಲಿಲ್ಲ. ಗುರುವಾರ ಅವರ ಮಗಳು ಮಾಡಿದಳು. "ಆಸ್ಪತ್ರೆಗೆ ಸೇರಿಸಿದ್ವಿ. ಇವತ್ತು ಬೆಳಿಗ್ಗೆ ಹೋಗಿಬಿಟ್ರು. ಅಪ್ಪಂಗೆ ನೀವೇ ಬರೀಬೇಕು ಅಕ್ಕಾ."

ನಲವತ್ತು ಪದ ಹತ್ತು ನಿಮಿಷದಲ್ಲಿ ಮುಗಿಯಿತು. ಅಕ್ಕನ ಚಿಂತೆಯೆಲ್ಲ ತಲೆಬರಹದ್ದು. ಆ ತಪ್ಪಿನ ಕೆಳಗೆ ಅವರ ಮುಖ ಬರಕೂಡದು ಎಂದು ಪತ್ರಿಕೆಯ ಜಾಹೀರಾತು ವಿಭಾಗಕ್ಕೆ ಫೋನ್ ಮಾಡಿದಳು.

"ಮೇಡಂ, ಅದು ರೆಡಿ ಹೆಡಿಂಗು. ಎಲ್ಲರಿಗೂ ಅದೇ ಬೀಳುತ್ತೆ. ಒಬ್ಬರಿಗೆ ಅಂತ ಬದಲಾಯಿಸೋಕಾಗಲ್ಲ."

"ಹಾಗಾದ್ರೆ ಎಲ್ಲರಿಗೂ ಬದಲಾಯಿಸಿ."

"ಒಂದು ಒತ್ತಿಗೆ ಇಷ್ಟೆಲ್ಲಾನಾ? ಯಾರು ನೋಡ್ತಾರೆ ಮೇಡಂ?"

"ನೋಡೋರು ಒಬ್ಬರಿದ್ರು. ಅವರದೇ ಇದು."

ಅವನು ಮೇಲಿನವರನ್ನು ಕೇಳಬೇಕೆಂದ. ಮೇಲಿನವರು ಕಂಪ್ಯೂಟರಿನವನನ್ನು ಕೇಳಬೇಕೆಂದರು. ಕಂಪ್ಯೂಟರಿನವನು ಮನೆಯಲ್ಲಿದ್ದ, ಅವನ ಫೋನು ಹೆಂಡತಿಯ ಕೈಯಲ್ಲಿತ್ತು, ಆಕೆಗೆ ಅಕ್ಕ ಒತ್ತಕ್ಷರದ ಪಾಠವನ್ನೇ ಮಾಡಿದಳು. ಸಂಜೆಯೊಳಗೆ ಹನ್ನೊಂದು ಫೋನ್. ನನ್ನ ವಿಮೆಯ ಗ್ರಾಹಕರಿಗೂ ಅಲ್ಪಪ್ರಾಣ ಮಹಾಪ್ರಾಣ ಬಾಯಿಪಾಠವಾಗಿರಬೇಕು. ನನ್ನ ತಲೆ ಚಿಟ್ಟುಹಿಡಿದು ಹೋಯಿತು, ಆದರೂ ಅವಳ ಫೋನಿಗೆ ನಾನೇ ಚಾರ್ಜರ್ ಸಿಕ್ಕಿಸಿ ಕೊಟ್ಟೆ.

ಮರುದಿನ ಪತ್ರಿಕೆ ಬಿಡಿಸಿದಳು. ಇಪ್ಪತ್ತಾರು ಮುಖಗಳು. ಇಪ್ಪತ್ತಾರರ ಮೇಲೂ ದಕ್ಕೆ ಧ ಒತ್ತು. ಮೂರನೇ ಸಾಲಿನಲ್ಲಿ ಕತ್ತರಿ ಸಾರ್, ಫೋಟೋದಲ್ಲೂ ಏನೋ ತಪ್ಪು ಹುಡುಕುತ್ತಿರುವವರ ಹಾಗೆ. ಕೆಳಗಿನ ನಲವತ್ತು ಪದವನ್ನು ಅಕ್ಕ ಬೆರಳಿಟ್ಟು ಓದಿದಳು. ಒಂದೂ ತಪ್ಪಿರಲಿಲ್ಲ.

ಎಂಟು ಗಂಟೆಯಾಯಿತು. ಅವಳು ಫೋನನ್ನು ಹತ್ತಿರ ಎಳೆದುಕೊಂಡು ಕೂತಳು. ನಾನು ಇಟ್ಟ ಕಾಫಿ ಮುಟ್ಟಲಿಲ್ಲ. "ಅಕ್ಕಾ" ಎಂದೆ.

"ಗೊತ್ತು ಕಣೇ" ಎಂದಳು, ಸಿಟ್ಟಿನಲ್ಲೇ ಕಣ್ಣೊರೆಸಿಕೊಳ್ಳುತ್ತ. "ಎಲ್ಲ ಸರಿಯಾಗಿದ್ದ ದಿನ ಆ ಮನುಷ್ಯ ಯಾವತ್ತು ಫೋನ್ ಮಾಡಿದ್ದಾರೆ?"