ಸೊರಬ ತಲುಪಿದ ಅಂಕಿ

ಶಿಕಾರಿಪುರದ ಇಂಟರ್‌ನೆಟ್ ಕಚೇರಿಯ ಹಿಂದಿನ ಕೋಣೆಯಲ್ಲಿ ಜಗದಾಂಬ ಒಬ್ಬಳೇ ಕೂರುತ್ತಾಳೆ. ಗಂಡ ಹೋಗಿ ಆರು ವರ್ಷ. ಮನೆಯಲ್ಲೂ ಒಬ್ಬಳೇ. ಯಾರಾದರೂ ಕೇಳಿದರೆ "ಅಭ್ಯಾಸ ಆಗಿದೆ ಬಿಡ್ರೀ" ಎನ್ನುತ್ತಾಳೆ. ಶುದ್ಧ ಸುಳ್ಳು.

ಲೈನು ಪರೀಕ್ಷೆಯ ದಿನವಾದ ಗುರುವಾರ ಮಾತ್ರ ಅವಳಿಗೆ ಮಾತು ಸಿಗುತ್ತಿತ್ತು. ಎರಡು ಕಂಪ್ಯೂಟರುಗಳು ಸಂಪರ್ಕ ಶುರುಮಾಡುವಾಗ "ಒಂದು ತುಂಡಿನಲ್ಲಿ ನನಗೆ ಇಷ್ಟು ಬೈಟ್‌ವರೆಗೆ ಕಳಿಸು" ಎಂದು ಒಂದಕ್ಕೊಂದು ಅಂಕಿ ಹೇಳಿಕೊಳ್ಳುತ್ತವೆ. ಇಲ್ಲಿಂದ ಹೊರಟ ಅಂಕಿ ಅಲ್ಲಿಗೆ ಎಷ್ಟಾಗಿ ತಲುಪಿತೆಂದು ನೋಡಲು ಎರಡೂ ತುದಿಯಲ್ಲಿ ಜನ ಬೇಕು. ಸೊರಬದ ತುದಿಯಲ್ಲಿ ಸಾವಿತ್ರಿಬಾಯಿ. ಅವಳದೂ ಒಂಟಿ ಜೀವ. ಇಬ್ಬರೂ ಮುಖ ಕಂಡವರಲ್ಲ. ಫೋನಿನಲ್ಲಿ ಅಂಕಿಗೆ ಎರಡು ನಿಮಿಷ, ಸಾರು, ಸೊಂಟನೋವಿಗೆ ಮುಕ್ಕಾಲು ಗಂಟೆ.

ನಡುವಿನ ತಾಳಗುಂದದಿಂದ ದೂರು ಬಂದಿತ್ತು. ಸಣ್ಣ ಮೆಸೇಜು ಹೋಗುತ್ತದೆ, ಪಹಣಿ ಮಾತ್ರ ತೆರೆಯುವುದಿಲ್ಲ. ಅಲ್ಲಿಂದ ಮುಂದೆ ದಾರಿ ಕಿರಿದು. ಅಲ್ಲಿಟ್ಟ ರೂಟರ್ ಪೆಟ್ಟಿಗೆ 1460 ಎಂಬ ಅಂಕಿಯನ್ನು 1452ಕ್ಕೆ ಇಳಿಸಿ ಕಳಿಸಬೇಕು. ಇಲ್ಲದಿದ್ದರೆ ದೊಡ್ಡ ತುಂಡುಗಳು ದಾರಿಯಲ್ಲೇ ಬಿದ್ದುಹೋಗುತ್ತವೆ.

"ಇಲ್ಲಿಂದ ಸಾವಿರದ ನಾನೂರ ಅರವತ್ತು ಹೊರಡ್ತು" ಎಂದಳು ಜಗದಾಂಬ.

"ಇಲ್ಲೂ ಅರವತ್ತೇ ಬಂತು ಕಣ್ರೀ."

ತಪ್ಪು ಸಿಕ್ಕಿತು. ವರದಿ ಬರೆದರೆ ಪೆಟ್ಟಿಗೆ ಸರಿಯಾಗುತ್ತದೆ. ಆಮೇಲೆ ಪರೀಕ್ಷೆಯನ್ನು ಯಂತ್ರವೇ ಮಾಡುತ್ತದೆಂದು ಮೇಲಿನವರು ಹೇಳಿಯಾಗಿತ್ತು. ಅಂದರೆ ಗುರುವಾರದ ಫೋನೂ ಇಲ್ಲ.

"ಇನ್ನೊಂದ್ ವಾರ ನೋಡಣೇನ್ರೀ?" ಎಂದು ಕೇಳಿದಳು ಜಗದಾಂಬ.

"ನೋಡಣ ಬಿಡ್ರೀ" ಎಂದಳು ಸಾವಿತ್ರಿಬಾಯಿ, ಯಾಕೆಂದು ಕೇಳದೆ. ಹೀಗೇ ಐದು ಗುರುವಾರ ಕಳೆದವು.

ಆರನೆಯ ವಾರ ತಾಳಗುಂದದಿಂದ ಹುಚ್ಚಮ್ಮ ಎಂಬ ಕೂಲಿಯವಳು ಕಚೇರಿಗೇ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. "ನಾಕು ಸರ್ತಿ ಕೂಲಿ ಬಿಟ್ಟು ನಮ್ಮೂರ ಪಂಚಾಯ್ತಿಗೆ ಹೋಗೀನಮ್ಮ. ನೆಟ್ಟಿಲ್ಲ, ಪಹಣಿ ಬರಲ್ಲ ಅಂತಾರೆ."

ಜಗದಾಂಬಳಿಗೆ ಆ ಮುಖ ನೋಡಲಾಗಲಿಲ್ಲ. ನೀರು ಕೊಟ್ಟಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅವತ್ತು ಮಧ್ಯಾಹ್ನವೇ ವರದಿ ಬರೆದು ಕಳಿಸಿದಳು.

ಪೆಟ್ಟಿಗೆ ಸರಿಮಾಡಿದ ಮೇಲೆ ಒಂದು ಕೊನೆಯ ಪರೀಕ್ಷೆ ಉಳಿದಿತ್ತು.

"ಸಾವಿರದ ನಾನೂರ ಐವತ್ತೆರಡು ಬಂತ್ರೀ" ಎಂದಳು ಸಾವಿತ್ರಿಬಾಯಿ. ಆಮೇಲೆ, "ವರದಿ ನಾನೂ ಬರೀಬಹುದಿತ್ತು. ಮೊದಲ್ನೇ ವಾರನೇ. ಬರೀಲಿಲ್ಲ" ಎಂದಳು.

ಸೊರಬಕ್ಕೆ ಬಸ್ಸುಗಳೇನು ಕಡಿಮೆಯಿಲ್ಲ. ಆದರೂ "ಒಂದ್ಸಲ ಬರ್ರೀ" ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಕೆಲಸದ ನೆಪವಿಲ್ಲದೆ ಅವರು ಎಂದೂ ಮಾತಾಡಿದವರಲ್ಲ.

"ಫೋನ್ ಇಡ್ಲಾ ರೀ?" ಎಂದಳು ಸಾವಿತ್ರಿಬಾಯಿ.

"ಇಡ್ರೀ" ಎಂದಳು ಜಗದಾಂಬ.